ದುರ್ಗದಿಂದ ಒಂದು ದಿನದ ಹಾದಿ

ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದು ಕುಳಿತಾಗ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಯಾವುದಾದರೊಂದು ಕೋಟೆಯ ಮೇಲೆ ಹೋಗಿ ನಿಲ್ಲುವುದನ್ನು ನಾನು ಅನೇಕ ವರ್ಷಗಳಿಂದ ಕಂಡಿರುವೆನು. ಪಾಣಿಪಟ್ಟಿನ ಯುದ್ಧಗಳ ಇಸವಿಗಳನ್ನು ನಾನು ಬಾಯಿಪಾಠ ಮಾಡಿಸಿದ್ದು ಒಬ್ಬರಿಗೂ ನೆನಪಿಲ್ಲ. ಆದರೆ ನುಂಕೆಮಲೆಯ ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದೂ, ದುರ್ಗದಲ್ಲಿ ಕೋತಿಯೊಂದು ಯಾರದೋ ಚಿತ್ರಾನ್ನದ ಡಬ್ಬಿಯನ್ನು ಎತ್ತಿಕೊಂಡು ಹೋದದ್ದೂ ಎಲ್ಲರಿಗೂ ನೆನಪಿದೆ. ಅವರಲ್ಲಿ ಅನೇಕರು ಈಗ ತಾಯಂದಿರಾಗಿರುವರು, ಕೆಲವರು ಅಜ್ಜಿಯರೂ ಆಗಿರುವರು. ಮಕ್ಕಳನ್ನು ಕರೆದುಕೊಂಡು ಒಂದು ದಿನದಲ್ಲಿ ಹೋಗಿ ಬರಬಹುದಾದ ಕೋಟೆಗಳಾವುವು, ಅಲ್ಲಿ ಏನನ್ನು ತೋರಿಸಬೇಕು, ಏನು ಹೇಳಬೇಕು ಎಂದು ಅವರು ಕೇಳುವುದುಂಟು. ಅವರಿಗೆ ಒಬ್ಬೊಬ್ಬರಿಗೂ ಕೊಡುತ್ತ ಬಂದ ಉತ್ತರವನ್ನು ಈ ಸಂಚಿಕೆಯಲ್ಲಿ ಒಟ್ಟಾಗಿ ಬರೆದಿಡುತ್ತಿರುವೆನು.

ನಮ್ಮ ಸೀಮೆಯಲ್ಲಿ ಕೋಟೆಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ನೀರಿಗೆ. ನಾಡಿನಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಮೊಳಕಾಲ್ಮೂರು ಅದಕ್ಕೆ ಸರಿಜೋಡಿ. ಈ ಎರಡು ಮಾತುಗಳಿಗೂ ಸಂಬಂಧವಿಲ್ಲವೆಂದು ಮೇಲುನೋಟಕ್ಕೆ ತೋರಬಹುದು. ನಾನೂ ಹಾಗೆಯೇ ತಿಳಿದಿದ್ದೆನು. ಅದು ತಪ್ಪೆಂದು ನನಗೆ ತಿಳಿದದ್ದು ಹೇಗೆಂಬುದನ್ನು ಮುಂದೆ ಹೇಳುವೆನು.

1565ರಲ್ಲಿ ವಿಜಯನಗರವು ಹಾಳಾದ ಮೇಲೆ ಅರಸರ ಹಿಡಿತ ಸಡಿಲವಾಗಿ, ಅದುವರೆಗೆ ಅವರ ಕೈಕೆಳಗೆ ಗಡಿಗಳನ್ನು ಕಾಯುತ್ತಿದ್ದ ನಾಯಕರು ತಮ್ಮ ತಮ್ಮ ಬೆಟ್ಟಗಳ ಮೇಲೆ ತಾವೇ ದೊರೆಗಳಾದರು. ಇವರನ್ನೇ ಪಾಳೆಯಗಾರರೆಂದು ಕರೆಯುವುದು. ಚಿತ್ರದುರ್ಗ, ನಾಯಕನಹಟ್ಟಿ, ರಾಯದುರ್ಗ, ಗುಡೇಕೋಟೆ, ಜರಿಮಲೆ, ಹರಪನಹಳ್ಳಿ, ನಿಡುಗಲ್ಲು, ಹೀಗೆ ಒಂದು ಹಗಲಿನ ಕುದುರೆಯ ಪಯಣಕ್ಕೊಬ್ಬ ನಾಯಕನಿದ್ದನೆಂದರೆ ಹೆಚ್ಚಲ್ಲ. ಇಂದು ನೆಂಟನಾದವನು ನಾಳೆ ಶತ್ರುವಾಗುವ ಕಾಲವದು. ಅಂಥ ಕಾಲದಲ್ಲಿ ಗೋಡೆಯಿಲ್ಲದ ಊರು ಬಾಗಿಲಿಲ್ಲದ ಮನೆಯಂತೆ. ನಮ್ಮ ಪೂರ್ವಿಕರು ಕೋಟೆಗಳನ್ನು ಜಲದುರ್ಗ, ವನದುರ್ಗ, ಗಿರಿದುರ್ಗ, ಸ್ಥಲದುರ್ಗವೆಂದು ವಿಂಗಡಿಸಿದ್ದರು. ನಮ್ಮ ಕಡೆಯಲ್ಲಿ ಸುತ್ತ ನೀರು ನಿಲ್ಲಿಸುವ ಮಾತಂತೂ ಇಲ್ಲ. ಬಂಡೆಗಳು ಮಾತ್ರ ಬೇಕಾದಷ್ಟಿವೆ. ಆದುದರಿಂದ ಇಲ್ಲಿನವುಗಳಲ್ಲಿ ಹೆಚ್ಚಿನವು ಗಿರಿದುರ್ಗಗಳೇ.

ಉಳಿದ ಕೋಟೆಗಳಿಗೆ ಹೊರಡುವುದಕ್ಕೆ ಮೊದಲು ಚಿತ್ರದುರ್ಗವನ್ನು ಚೆನ್ನಾಗಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಅದು ಅಕ್ಷರಮಾಲೆಯಿದ್ದಂತೆ. ಅಲ್ಲಿ ಅಕ್ಷರ ಕಲಿತವರು ಬೇರೆಡೆ ಮುರಿದು ಬಿದ್ದಿರುವ ಮಾತುಗಳನ್ನೂ ಓದಬಲ್ಲರು. ಶಾಸನಗಳಲ್ಲಿ ಬೆಮ್ಮತ್ತನಕಲ್ಲು ಎಂಬ ಹೆಸರಿನಿಂದ ಕಾಣುವ ಈ ಬೆಟ್ಟದ ಮೇಲೆ ಒಂದೇ ಕಾಲದಲ್ಲಿ ಒಬ್ಬರೇ ಕೋಟೆ ಕಟ್ಟಿದ್ದಲ್ಲ. ಹಳೆಯ ಗೋಡೆಗಳ ಮೇಲೆ ಹೊಸ ಗೋಡೆಗಳು ಏರುತ್ತ, ತಿಮ್ಮಣ್ಣನಾಯಕನಿಂದ ಕೊನೆಯ ಮದಕರಿನಾಯಕನ ವರೆಗೆ ಇನ್ನೂರು ವರ್ಷಗಳಿಗೂ ಮಿಕ್ಕಿ ಕೆಲಸ ನಡೆದಿದೆ. ಏಳು ಸುತ್ತಿನ ಕೋಟೆಯೆಂದು ನಾವು ಹೇಳುವಾಗ ಏಳು ಬಳೆಗಳನ್ನು ಒಂದರೊಳಗೊಂದು ಇಟ್ಟಂತೆ ಮಕ್ಕಳು ಕಲ್ಪಿಸಿಕೊಳ್ಳುವರು. ಅದು ಹಾಗಿಲ್ಲ. ಗೋಡೆಯು ಬಂಡೆಯಿಂದ ಬಂಡೆಗೆ ಹಾರುತ್ತ ಹೋಗುವುದು. ಬಂಡೆಯೇ ಗೋಡೆಯಾಗಿರುವಲ್ಲಿ ಕಲ್ಲುಕುಟಿಗನು ಸುಮ್ಮನಾಗಿರುವನು, ಬಿರುಕಿರುವಲ್ಲಿ ಮಾತ್ರ ಕೈಯಿಟ್ಟಿರುವನು. ಕೆಳಗಿನ ಸುತ್ತುಗಳು ಪೇಟೆಯನ್ನು ಬಳಸಿದ್ದುವು. ಊರೊಳಗಿನ ರಂಗಯ್ಯನ ಬಾಗಿಲು ಅವುಗಳ ಗುರುತಾಗಿ ಉಳಿದಿದೆ. ಅಲ್ಲಿರುವ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ ಬೆಟ್ಟ ಹತ್ತಿದರೆ ಒಳ್ಳೆಯದು.

ಬಾಗಿಲನ್ನು ಹೇಗೆ ನೋಡಬೇಕೆಂಬುದನ್ನು ಹೇಳಿಬಿಡುತ್ತೇನೆ. ಕಾಮನಬಾಗಿಲನ್ನು ದಾಟಿದೊಡನೆ ದಾರಿ ನೇರವಾಗಿ ಹೋಗದೆ ಥಟ್ಟನೆ ತಿರುಗುವುದನ್ನು ಗಮನಿಸಿರಿ. ಕೋಟೆಯ ಬಾಗಿಲನ್ನು ಒಡೆಯಲು ಆನೆಗಳನ್ನು ನುಗ್ಗಿಸುತ್ತಿದ್ದರು. ಆನೆ ವೇಗದಿಂದ ಓಡಿಬಂದು ಹಣೆಯಿಂದ ಗುದ್ದಬೇಕಾದರೆ ಮುಂದೆ ನೇರವಾದ ದಾರಿಯಿರಬೇಕು. ದಾರಿ ತಿರುಗಿದಷ್ಟೂ ಆನೆಯ ಬಲ ಕುಂದುವುದು, ಹಿಂದೆ ಬರುವ ದಂಡು ಒಂದರ ಮೇಲೊಂದು ಬಿದ್ದು ನಿಲ್ಲುವುದು. ಅಷ್ಟರಲ್ಲಿ ಮೂರು ಕಡೆಯ ಗೋಡೆಗಳ ಮೇಲಿನಿಂದ ಕಲ್ಲೂ ಗುಂಡೂ ಸುರಿಯುವುವು. ಗೋಡೆಯ ತೆನೆಗಳಲ್ಲಿರುವ ಕಿಂಡಿಗಳಿಗೆ ಕಣ್ಣಿಟ್ಟು ನೋಡಿದರೆ ಒಂದರಿಂದ ದೂರದ ಬಯಲು, ಇನ್ನೊಂದರಿಂದ ಬೆಟ್ಟದ ಇಳಿಜಾರು, ಮತ್ತೊಂದರಿಂದ ಗೋಡೆಯ ಬುಡವೇ ಕಾಣುವುದು. ಇದನ್ನು ಪುಸ್ತಕದಲ್ಲಿ ಓದಿದಾಗ ತೂಕಡಿಸುವ ಹುಡುಗಿಯರು ಕಿಂಡಿಗೆ ಕಣ್ಣಿಟ್ಟಾಗ ಕೂಗಾಡುವರು.

ಮದ್ದು ಬೀಸುತ್ತಿದ್ದ ನಾಲ್ಕು ದೊಡ್ಡ ಬೀಸುವ ಕಲ್ಲುಗಳ ಗುಂಡಿ, ಎಣ್ಣೆಕೊಳ, ತುಪ್ಪದ ಕೊಳ, ಕಣಜಗಳು, ಹಿಡಿಂಬೇಶ್ವರ, ಏಕನಾಥಮ್ಮ ಮೊದಲಾದ ದೇವಾಲಯಗಳು, ಇವನ್ನೆಲ್ಲಾ ಮಾರ್ಗದರ್ಶಕರು ತೋರಿಸುವರು. ಅವರು ಬೇಗನೆ ದಾಟಿಸಿಬಿಡುವುದು ಹೊಂಡಗಳನ್ನು. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಸಿಹಿನೀರು ಹೊಂಡ, ಇವು ಬೆಟ್ಟದ ಇಳಿಜಾರಿಗನುಗುಣವಾಗಿ ಒಂದರ ಕೆಳಗೊಂದು ಇರುವುವು. ಮೇಲಿನದು ತುಂಬಿ ಕೋಡಿಬಿದ್ದ ನೀರು ಕೆಳಗಿನದಕ್ಕೆ ಬರುವುದು. ಬರಿಯ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಕ್ಕೆ ಜಾಗವಿಲ್ಲದೆ ಹರಿಯಲೇಬೇಕಷ್ಟೆ. ಆ ಹರಿವಿನ ದಾರಿಯನ್ನು ಅರಿತು, ಒಂದು ಹನಿಯನ್ನೂ ಸುಮ್ಮನೆ ಬೆಟ್ಟ ಇಳಿಯಗೊಡದೆ ಹಿಡಿದಿಟ್ಟರು. ಶತ್ರುವು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕುಳಿತರೂ ಒಳಗಿನವರ ಗಂಟಲು ಒಣಗದಿರಲು ಈ ಹೊಂಡಗಳೇ ಕಾರಣ. ಗೋಡೆ ಎಷ್ಟೇ ಎತ್ತರವಿರಲಿ, ಹೊಂಡ ಬತ್ತಿದ ದಿನ ಕೋಟೆಯ ಬಾಗಿಲು ತಾನಾಗಿ ತೆರೆಯುವುದು.

ಒನಕೆ ಓಬವ್ವನ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. 1972ರಲ್ಲಿ ‘ನಾಗರಹಾವು’ ಚಲಚ್ಚಿತ್ರ ಬಂದ ಮೇಲಂತೂ ಈ ಕಥೆಯನ್ನು ತಿಳಿಯದ ಕನ್ನಡ ಮಗುವಿಲ್ಲ. ಹೈದರಾಲಿಯ ಸೈನಿಕರು ಬಂಡೆಗಳ ನಡುವಣ ಕಿಂಡಿಯೊಂದರಿಂದ ಒಬ್ಬೊಬ್ಬರಾಗಿ ನುಸುಳುತ್ತಿದ್ದರೆಂದೂ, ಕಹಳೆಯ ಮುದ್ದಹನುಮನ ಹೆಂಡತಿಯಾದ ಓಬವ್ವನು ಒನಕೆಯಿಂದ ಅವರನ್ನು ಬಡಿದು ಕೊಂದಳೆಂದೂ ಜನಜನಿತವಾಗಿದೆ. ಮಕ್ಕಳು ಒನಕೆಯನ್ನು ನೆನಪಿಟ್ಟುಕೊಳ್ಳುವರು. ಆದರೆ ಅವಳು ಆ ಹೊತ್ತಿನಲ್ಲಿ ಅಲ್ಲಿಗೇಕೆ ಹೋದಳೆಂಬುದನ್ನು ನಾನು ಪ್ರತಿಸಲವೂ ಕೇಳುತ್ತಿದ್ದೆನು. ಗಂಡನು ಊಟಕ್ಕೆ ಕುಳಿತಿದ್ದನು, ಕುಡಿಯಲು ನೀರಿರಲಿಲ್ಲ, ನೀರು ತರಲು ಹೋದಳು. ಆ ಕಿಂಡಿಯ ಸಮೀಪದಲ್ಲಿಯೇ ತಣ್ಣೀರು ದೋಣಿಯಿದೆ, ಇಂದಿಗೂ ನೋಡಬಹುದು. ಕೋಟೆಯ ಕಾವಲುಗಾರನಿಗೆ ಕಾಣದ ದಾರಿಯು ನೀರಿಗೆ ಹೋದ ಹೆಂಗಸಿಗೆ ಕಂಡಿತು. ದಿನಕ್ಕೆ ಎಷ್ಟು ಸಲ ಅವಳು ಆ ಬಂಡೆಗಳ ನಡುವೆ ಓಡಾಡಿದ್ದಳೋ! ಅಲ್ಲಿನ ಸದ್ದುಗಳಲ್ಲಿ ಯಾವುದು ದಿನದ ಸದ್ದು, ಯಾವುದು ಹೊಸತು ಎಂಬುದು ಅವಳಿಗೆ ತಿಳಿಯದೆ ಮತ್ತಾರಿಗೆ ತಿಳಿಯಬೇಕು?

1779ರಲ್ಲಿ ದುರ್ಗವು ಹೈದರಾಲಿಯ ವಶವಾಯಿತು. ಗೋಡೆ ಬಿದ್ದು ಅಲ್ಲ, ಒಳಗಿನವರಲ್ಲಿ ಕೆಲವರು ಹೊರಗಿನವರನ್ನು ಕೂಡಿಕೊಂಡುದರಿಂದ ಎಂದು ಚರಿತ್ರಕಾರರು ಹೇಳುವರು. ಮದಕರಿನಾಯಕನನ್ನು ಪರಿವಾರದೊಡನೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವನ ಜೊತೆಗೆ ಬೇಡರ ಪಡೆಯ ಸುಮಾರು 20,000 ಜನರನ್ನೂ ಅಲ್ಲಿಗೆ ಒಯ್ದರೆಂದೂ, ಅವರ ಗಂಡುಮಕ್ಕಳನ್ನು ಬೇರ್ಪಡಿಸಿ ಚೇಲಾ ಪಡೆಯಾಗಿ ಮಾಡಿದರೆಂದೂ ವಿಲ್ಕ್ಸ್ ಸಾಹೇಬರು ತಮ್ಮ ಮೈಸೂರು ಚರಿತ್ರೆಯಲ್ಲಿ ಬರೆದಿರುವರು. ತಳಕಿನ ಮನೆತನದ ತ. ರಾ. ಸುಬ್ಬರಾಯರು ‘ದುರ್ಗಾಸ್ತಮಾನ’ವೆಂಬ ಕಾದಂಬರಿಯನ್ನು ಬರೆದದ್ದು ಈ ಪತನವನ್ನು ಕುರಿತೇ. ಓದದಿರುವವರು ಓದಬೇಕು. ಓದಿದವರು ಅದನ್ನು ಕೈಚೀಲದಲ್ಲಿಟ್ಟುಕೊಂಡು ಬೆಟ್ಟ ಹತ್ತಬೇಕಾಗಿಲ್ಲ, ಅದು ತುಂಬಾ ಭಾರ.

ಇನ್ನು ಪೂರ್ವಕ್ಕೆ ಹೊರಡೋಣ. ದುರ್ಗದಿಂದ ಸುಮಾರು 30 ಕಿಲೋಮೀಟರು ಹೋದರೆ ಚಳ್ಳಕೆರೆ. ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದಲೂ ಕಂಬಳಿಗಳಿಂದಲೂ ಹೆಸರಾದ ಊರಿದು. ಇದರ ಸಮೀಪದಲ್ಲಿಯೇ ದೊಡ್ಡೇರಿ ಎಂಬ ಹಳ್ಳಿಯುಂಟು. ಅಲ್ಲಿ ದುರ್ಗದ ಭವ್ಯತೆಯನ್ನು ನಿರೀಕ್ಷಿಸಿ ಹೋಗುವವರು ನಿರಾಶರಾಗುವರು. ಬಯಲಿನ ಹಳ್ಳಿಯೆಂದರೆ ಬಯಲಿನ ಹಳ್ಳಿ, ಅಷ್ಟೆ. ಆದರೆ 1695ನೆಯ ಇಸವಿ ನವೆಂಬರ್ ತಿಂಗಳಲ್ಲಿ ಔರಂಗಜೇಬ ಬಾದಶಹನ ಹೆಸರಾಂತ ಸರದಾರನೊಬ್ಬನ ಕಥೆ ಇಲ್ಲಿಯ ಪುಟ್ಟ ಕೋಟೆಯೊಳಗೆ ಮುಗಿಯಿತೆಂಬುದನ್ನು ತಿಳಿದು ನೋಡಿದರೆ ಬಯಲಿಗೂ ಬೇರೊಂದು ಕಳೆ ಬರುವುದು.

ಸಂಗತಿ ಹೀಗೆ. ಮೊಗಲರು 1687ರಲ್ಲಿ ಸಿರಾ ಪ್ರಾಂತ್ಯವನ್ನು ಸ್ಥಾಪಿಸಿ ಕಾಸಿಂಖಾನನನ್ನು ಅಲ್ಲಿಟ್ಟಿದ್ದರು. ಕೊಳ್ಳೆಯೊಡನೆ ಹಿಂತಿರುಗುತ್ತಿದ್ದ ಮರಾಠರ ಸೇನಾಪತಿ ಸಂತಾಜಿ ಘೋರ್ಪಡೆಯನ್ನು ತಡೆಯಬೇಕೆಂದು ಅವನಿಗೆ ಅಪ್ಪಣೆಯಾಯಿತು. ಸಹಾಯಕ್ಕೆಂದು ಖಾನಾಜಾದಖಾನನೇ ಮೊದಲಾದ ದೊಡ್ಡ ಮನೆತನದ ಸರದಾರರೂ ಬಂದು ಕೂಡಿದರು. ಅವರ ಉಪಚಾರಕ್ಕಾಗಿ ಕಾಸಿಂಖಾನನು ತನ್ನ ಒಳ್ಳೆಯ ಡೇರೆಗಳನ್ನೂ ಪಾತ್ರೆಪಡಗಗಳನ್ನೂ ಕೆಲವು ಮೈಲಿ ಮುಂದಕ್ಕೆ ಕಳುಹಿಸಿದನು. ಸಂತಾಜಿಯು ಕಾದಿದ್ದದ್ದು ಇದನ್ನೇ. ತನ್ನ ದಂಡನ್ನು ಮೂರು ಭಾಗ ಮಾಡಿ, ಒಂದರಿಂದ ಡೇರೆಗಳ ಮೇಲೆ ಬಿದ್ದನು, ಮತ್ತೊಂದರಿಂದ ಅವುಗಳ ರಕ್ಷಣೆಗೆ ಓಡಿಬಂದವರನ್ನು ತಡೆದನು, ಮೂರನೆಯದನ್ನು ಹಿಂದೆ ಉಳಿದಿದ್ದ ಪಾಳೆಯದ ಮೇಲೆ ಹರಿಯಬಿಟ್ಟನು. ತಮ್ಮ ಸೀಮೆಯನ್ನು ಮೊಗಲರು ಹಾಳುಮಾಡಿದ್ದ ಸಿಟ್ಟಿನಿಂದ ದುರ್ಗದ ಭರಮಣ್ಣನಾಯಕನೂ ಸಂತಾಜಿಯ ಪಕ್ಷವನ್ನೇ ಹಿಡಿದಿದ್ದನು. ಸೋತ ಮೊಗಲರು ದೊಡ್ಡೇರಿಯ ಪುಟ್ಟ ಕೋಟೆಗೆ ಓಡಿದರು. ಒಳಗೆ ಸರದಾರರಿಗೇ ಸ್ಥಳ ಸಾಲದು. ಸಿಪಾಯಿಗಳು ಹೊರಗೆ ಕೆರೆಯ ದಂಡೆಯಲ್ಲಿ ಬಿದ್ದುಕೊಂಡರು. ಮೊದಲು ರೊಟ್ಟಿ ಮುಗಿಯಿತು, ಬಳಿಕ ದನಕುದುರೆಗಳಿಗೆ ಮನೆಯ ಮಾಡಿನ ಹುಲ್ಲೇ ಮೇವಾಯಿತು. ಕಾಸಿಂಖಾನನು ಅಫೀಮಿನ ಅಭ್ಯಾಸವಿದ್ದವನು. ಅಫೀಮು ಸಿಕ್ಕದೆ ಮೂರನೆಯ ದಿನವೇ ಸತ್ತನೆಂದು ಕೆಲವರೂ, ಬಾದಶಹನ ಮುಖ ನೋಡಲಾರದೆ ವಿಷ ಕುಡಿದನೆಂದು ಕೆಲವರೂ ಬರೆದಿರುವರು. ಉಳಿದವರು ಇದ್ದುದೆಲ್ಲವನ್ನೂ ಒಪ್ಪಿಸಿ, ಮೇಲೆ 20 ಲಕ್ಷ ರೂಪಾಯಿ ಕೊಡುವೆವೆಂದು ಮಾತುಕೊಟ್ಟು ಜೀವ ಉಳಿಸಿಕೊಂಡರು. ಹೊರಬಂದವರಿಗೆ ಮರಾಠರು ರೊಟ್ಟಿಯನ್ನೂ ಕೆರೆಯ ನೀರನ್ನೂ ಕೊಟ್ಟರಂತೆ.

ಇಷ್ಟು ದೊಡ್ಡ ಸಂಗತಿ ನಡೆದ ಊರಿನಲ್ಲಿ ಇದನ್ನು ತಿಳಿಸುವ ಕಲ್ಲೊಂದು ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಹುಡುಗಿಯರನ್ನು ಕೆರೆಯ ಏರಿಯ ಮೇಲೆ ಕೂಡಿಸಿ ಈ ಕಥೆಯನ್ನು ಹೇಳುತ್ತಿದ್ದೆನು. ಒಮ್ಮೆ ಊರಿನ ಹಿರಿಯರೊಬ್ಬರು ದನ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು ಕೊನೆಯವರೆಗೂ ಕೇಳಿ, “ನಮ್ಮೂರಾಗೆ ಇಷ್ಟೆಲ್ಲಾ ಆಗಿತ್ತಾ ತಾಯಿ?” ಎಂದರು.

ಚಳ್ಳಕೆರೆಯಿಂದ ಉತ್ತರದಿಕ್ಕಿಗೆ ತಿರುಗಿದರೆ ನಾಯಕನಹಟ್ಟಿ. ಪಾಳೆಯಗಾರರ ಹಟ್ಟಿಯಾಗಿದ್ದ ಈ ಊರಿಗೆ ಜನ ಈಗ ಹೋಗುವುದು ತಿಪ್ಪೇರುದ್ರಸ್ವಾಮಿಗಳ ಗುಡಿಗಾಗಿ. ಸ್ವಾಮಿಗಳು ಈ ಬರಗಾಲದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂಬ ಪ್ರತೀತಿಯುಂಟು. ನಾಯಕರ ಗೋಡೆಗಳನ್ನು ಜನರು ಮರೆತು ಕೆರೆ ಕಟ್ಟಿಸಿದವರ ತೇರನ್ನು ಇಂದಿಗೂ ಎಳೆಯುತ್ತಿರುವುದು ನನಗೆ ಸರಿಯಾಗಿಯೇ ತೋರುತ್ತದೆ.

ಮೊಳಕಾಲ್ಮೂರಿನ ದಾರಿ ತಳಕು, ಹಾನಗಲ್ಲುಗಳ ಮೇಲೆ ಹಾಯುವುದು. ಹೆಸರು ಕೇಳಿದೊಡನೆ ‘ಮೊಣಕಾಲು ಮುರಿಯುವ ಊರೇ?’ ಎಂದು ಹುಡುಗಿಯರು ನಗುವುದು ವಾಡಿಕೆ. ಬೆಟ್ಟ ಹತ್ತಿದ ಮೇಲೆ ಯಾರೂ ನಗುವುದಿಲ್ಲ. ಊರಿನ ರೇಷ್ಮೆ ಸೀರೆಯ ಹೆಸರು ಎಲ್ಲರಿಗೂ ತಿಳಿದದ್ದೇ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಮಗ್ಗಗಳ ಸದ್ದು ಕೇಳುತ್ತ ಓಣಿಗಳನ್ನು ದಾಟಿ ಹೋದರೆ ಬೆನ್ನಿಗೇ ಬೆಟ್ಟ, ಬೆಟ್ಟದ ಮೇಲೆ ಕೋಟೆಯ ಸಾಲು. ಬೆಟ್ಟಗಳ ನಡುವಣ ಕಣಿವೆಯಲ್ಲಿ ನುಂಕೆಭೈರವನ ಗುಡಿಯುಂಟು. ನಾಥಪಂಥದವರ ಹಳೆಯ ನೆಲೆ ಅದು. ಮ್ಯಾಸನಾಯಕರಿಗೂ ಪಶುಪಾಲಕರಾದ ಇತರರಿಗೂ ಅಲ್ಲಿ ಅಪಾರವಾದ ಭಕ್ತಿ.

ನನ್ನ ಜೀವಮಾನದ ದೊಡ್ಡ ತಪ್ಪೊಂದು ಅಲ್ಲಿಯೇ ನಡೆಯಿತು. ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ದುರ್ಗದಿಂದ ಹೊರಡುವುದೇ ತಡವಾಗಿ, ಬೆಟ್ಟದ ಬುಡ ಸೇರುವಾಗ ಸೂರ್ಯನು ನೆತ್ತಿಗೆ ಬಂದಿದ್ದನು. ಮೂವತ್ತೆಂಟು ಹುಡುಗಿಯರು. ಬುತ್ತಿ ಬೇಕಾದಷ್ಟಿತ್ತು, ನೀರು ಮಾತ್ರ ಎರಡು ಕೊಡ. ಮೇಲೆ ಹೊಂಡಗಳಿರುತ್ತವೆಂದು ಪುಸ್ತಕದ ಧೈರ್ಯದಿಂದ ಹೊರಟಿದ್ದೆನು. ಅರ್ಧ ಹತ್ತುವಷ್ಟರಲ್ಲಿ ಕೊಡಗಳು ಬರಿದಾದುವು. ಕಾದ ಬಂಡೆ ಚಪ್ಪಲಿಯನ್ನು ದಾಟಿ ಅಂಗಾಲನ್ನು ಸುಡುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾತಾಡುತ್ತಿದ್ದವಳು ಮಾತು ನಿಲ್ಲಿಸಿ ಕುಳಿತುಬಿಟ್ಟಳು. ಮುಖ ಬಿಳಿಚಿತ್ತು, ಮೈ ಬೆವರುತ್ತಿರಲಿಲ್ಲ. ಅವಳ ತಂದೆ ಮೊದಲು ಅನುಮತಿಯನ್ನೇ ಕೊಟ್ಟಿರಲಿಲ್ಲ. ಹೆಣ್ಣುಮಕ್ಕಳಿಗೆ ಬೆಟ್ಟವೇಕೆ ಎಂದು ಕೇಳಿದ್ದರು. ನಾನೇ ಅವರ ಮನೆಗೆ ಹೋಗಿ, ನನ್ನ ಮಗಳಂತೆ ನೋಡಿಕೊಳ್ಳುವೆನೆಂದು ಒಪ್ಪಿಸಿ ಕರೆತಂದಿದ್ದೆನು. ಆ ಕ್ಷಣದಲ್ಲಿ ನನ್ನ ಕೈಕಾಲುಗಳು ನಡುಗಿದ್ದು ಇಂದಿಗೂ ನೆನಪಿದೆ.

ಮೇಕೆ ಕಾಯುತ್ತಿದ್ದ ಮುದುಕಿಯೊಬ್ಬಳು ಮೇಲಿನಿಂದ ನೋಡುತ್ತಿದ್ದಳು. ನಮ್ಮ ಗಲಿಬಿಲಿಯನ್ನು ಕಂಡು ಇಳಿದುಬಂದು, ನನ್ನನ್ನು ಒಂದು ಮಾತೂ ಕೇಳದೆ ಕೊಡವೊಂದನ್ನು ತೆಗೆದುಕೊಂಡು ಎರಡು ಬಂಡೆಗಳ ಸಂದಿಯಲ್ಲಿ ಮಾಯವಾದಳು. ಹಿಂತಿರುಗಿದಾಗ ಕೊಡದಲ್ಲಿ ತಣ್ಣನೆಯ ನೀರಿತ್ತು. ಹುಡುಗಿಯನ್ನು ನೆರಳಿಗೆ ಒಯ್ದು, ಸೆರಗನ್ನು ನೆನೆಸಿ ಮುಖ ಕತ್ತುಗಳಿಗೆ ಒತ್ತಿ, ಗುಟುಕು ಗುಟುಕಾಗಿ ಕುಡಿಸಿದಳು. ಮಗು ಕಣ್ಣು ಬಿಟ್ಟ ಮೇಲೆ ನನ್ನ ಕಡೆಗೆ ತಿರುಗಿ, “ಅಲ್ಲಮ್ಮಾ, ಓದಿದೋಳು ನೀನು, ನೀರಿನ ತಾವು ಕೇಳ್ದೆ ಕ್ವಾಟೆ ಹತ್ತಬೌದಾ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಅನಂತರ ಅವಳು ನಮ್ಮನ್ನು ಆ ಸಂದಿಗೆ ಕರೆದುಕೊಂಡು ಹೋದಳು. ಬಂಡೆಯಲ್ಲಿ ತೊಟ್ಟಿಲಿನಂಥ ಒಂದು ದೊಣೆ, ಅದರ ಮೇಲೆ ಚಾಚಿದ ಕಲ್ಲಿನ ನೆರಳು, ಬಿಸಿಲು ಎಂದೂ ಮುಟ್ಟದ ನೀರು. ಅದರ ಅಂಚಿನಲ್ಲಿ ಮೂರು ಮೆಟ್ಟಿಲು ಕಡಿದಿದ್ದರು. ಎತ್ತಿ ನೋಡಿದರೆ ಸರಿಯಾಗಿ ಅದರ ನೆತ್ತಿಯ ಮೇಲೆ ಒಂದು ಬತೇರಿ! ಕೆಳಗಿನಿಂದ ನೋಡಿದಾಗ ಆ ಬತೇರಿ ಅಲ್ಲೇಕಿದೆ ಎಂದು ನನಗೆ ಅರ್ಥವಾಗಿರಲಿಲ್ಲ. ಅಲ್ಲಿ ದಾರಿಯಿಲ್ಲ, ಬಾಗಿಲಿಲ್ಲ, ಶತ್ರು ಹತ್ತಬಹುದಾದ ಇಳಿಜಾರೂ ಇಲ್ಲ. ಅದು ಕಾಯುತ್ತಿದ್ದದ್ದು ನೀರನ್ನು. ಅಂದಿನಿಂದ ನಾನು ಯಾವ ಕೋಟೆಗೆ ಹೋದರೂ ಮೊದಲು ನೀರನ್ನು ಹುಡುಕಿ, ಆಮೇಲೆ ಗೋಡೆಯನ್ನು ನೋಡುವೆನು. ಗೋಡೆಗಳು ಎಲ್ಲೆಲ್ಲಿ ಏಕೆ ತಿರುಗುವುವು, ಬತೇರಿಗಳು ಎಲ್ಲೆಲ್ಲಿ ಏಕೆ ನಿಲ್ಲುವುವು ಎಂಬುದರ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿಬಿಡುವುದು. ಆ ಹುಡುಗಿಯ ತಂದೆಗೆ ನಡೆದುದನ್ನು ನಡೆದಂತೆ ನಾನೇ ಹೋಗಿ ತಿಳಿಸಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ಮುಂದಿನ ವರ್ಷ ತಾವೂ ಜೊತೆಗೆ ಬರುವೆವೆಂದರು. ಬಂದರು ಕೂಡ, ಹೆಗಲ ಮೇಲೆ ನೀರಿನ ದೊಡ್ಡ ಡಬ್ಬಿಯನ್ನು ಹೊತ್ತುಕೊಂಡು.

ಮೊಳಕಾಲ್ಮೂರಿನವರೆಗೆ ಹೋದವರು ಬ್ರಹ್ಮಗಿರಿಯನ್ನು ನೋಡದೆ ಬರಬಾರದು. ಬಳ್ಳಾರಿಯ ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಅಶೋಕಸಿದ್ಧಾಪುರ ಸಿಕ್ಕುವುದು. ಅಲ್ಲಿ ನೋಡತಕ್ಕದ್ದು ಕೋಟೆಯಲ್ಲ, ಆದರೆ ಸುತ್ತಣ ಕೋಟೆಗಳೆಲ್ಲಕ್ಕಿಂತ ಸಾವಿರದೈನೂರು ವರ್ಷಗಳಿಗೂ ಹಿಂದಿನದು. ರೈಸ್ ಸಾಹೇಬರು 1892ರಲ್ಲಿ ಇಲ್ಲಿಯೂ, ಸಿದ್ಧಾಪುರದಲ್ಲಿಯೂ, ಎದುರಿನ ಜಟಿಂಗರಾಮೇಶ್ವರ ಬೆಟ್ಟದಲ್ಲಿಯೂ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಧಿಕಾರಿಗಳೂ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ಅಪ್ಪಣೆಯದು. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂಬುದು ಅದರ ಸಾರ. ಇದನ್ನು ಓದಿ ಹೇಳಿದಾಗ, ನಾನು ಬೇಕೆಂದೇ ಸೇರಿಸಿದೆನೆಂದು ನನ್ನ ವಿದ್ಯಾರ್ಥಿನಿಯರು ಸಂಶಯಪಟ್ಟರು! ಅಶೋಕನೆಂಬ ಹೆಸರು ಇಲ್ಲಿಲ್ಲ, ‘ದೇವಾನಾಂಪ್ರಿಯ’ನೆಂದಷ್ಟೇ ಇದೆ. ಹೆಸರಿರುವ ಶಾಸನವು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತು. ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನು ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿರುವನು. ಎಲ್ಲಿಂದ ಬಂದವನೋ, ತನ್ನೂರಿನ ಅಕ್ಷರಗಳನ್ನು ಮರೆತಿಲ್ಲವೆಂದು ಈ ಬಂಡೆಗೆ ಹೇಳಿಹೋದನು. ಇದೇ ಬೆಟ್ಟದ ಬುಡದಲ್ಲಿ 1940ರ ಸುಮಾರಿಗೆ ಎಂ. ಎಚ್. ಕೃಷ್ಣರೂ, 1947ರಲ್ಲಿ ವೀಲರ್ ಸಾಹೇಬರೂ ಅಗೆದು, ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ಜನರಿಂದ ಹಿಡಿದು ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದವರ ವರೆಗೆ ವಸತಿಯ ಪದರಗಳನ್ನು ಗುರುತಿಸಿದರು.

ರಾಯದುರ್ಗವನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳುವುದು ಲೇಸು. ಮೊಳಕಾಲ್ಮೂರಿಗೆ ಅದು ನೆರೆಯ ಊರೇ, ಆದರೆ ಬೆಟ್ಟ ದೊಡ್ಡದು. ಮದ್ರಾಸು ಸಂಸ್ಥಾನದ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವು 1953ರಲ್ಲಿ ಆಂಧ್ರಕ್ಕೆ ಸೇರಿತು. ಗಡಿ ಬಂದರೂ ಸಂತೆಯ ಮಾತು ಬದಲಾಗಲಿಲ್ಲ. ಅಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಬಾಯಲ್ಲಿ ಬರುವುವು. ದುರ್ಗದಿಂದ ರಾಯದುರ್ಗದ ಕಡೆಗೆ ರೈಲುಮಾರ್ಗವೂ ಇದೆ. ಗುಡೇಕೋಟೆಗೆ ಹೋಗಬಯಸುವವರು ಸ್ವಂತ ವಾಹನ ಮಾಡಿಕೊಂಡು ಹೋಗಬೇಕು. ಓಬವ್ವನ ತವರು ಅದೇ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುವರು. ಅಲ್ಲಿಯ ಬಂಡೆಗಳು ಈಗ ಕರಡಿಧಾಮ. ಕತ್ತಲಾಗುವವರೆಗೆ ಅಲ್ಲಿರಬಾರದು.

ಹೋಗುವವರಿಗೆ ಕೆಲವು ಮಾತು. ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಜನವರಿಯ ವರೆಗೆ ಹೋಗಿರಿ. ಮಾರ್ಚಿಯಿಂದಾಚೆಗೆ ಮಕ್ಕಳನ್ನು ಈ ಬಂಡೆಗಳ ಮೇಲೆ ಹತ್ತಿಸುವುದು ಕ್ರೌರ್ಯ. ಬೆಳಗಿನ ಎಂಟಕ್ಕೆ ಬೆಟ್ಟದ ಬುಡದಲ್ಲಿರಬೇಕು, ಹನ್ನೊಂದಕ್ಕೆ ಇಳಿಯಬೇಕು. ಒಂದು ದಿನಕ್ಕೆ ಒಂದೇ ಬೆಟ್ಟ. ನೀರನ್ನು ಮನೆಯಿಂದಲೇ ಒಯ್ಯಿರಿ. ದೊಣೆಯ ನೀರು ಮುದುಕಿಯ ಕಾಲಕ್ಕೆ ಸರಿ, ಈಗ ಪ್ರವಾಸಿಗಳು ಬಿಸಾಡಿದ ಕಸ ಅದರಲ್ಲಿ ತೇಲುತ್ತಿರುವುದನ್ನು ಕಂಡಿರುವೆನು. ಜೇನುಗೂಡುಗಳಿರುವ ಬಂಡೆಯ ಕೆಳಗೆ ಹೊಗೆಯೆಬ್ಬಿಸುವುದೂ ಕಿರುಚುವುದೂ ಬೇಡ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ, ಅವರ ಶ್ರಮಕ್ಕೆ ತಕ್ಕುದನ್ನು ಕೊಡಿರಿ.

ಮತ್ತೊಂದು ಮಾತನ್ನು ಸಂಕಟದಿಂದ ಬರೆಯಬೇಕಾಗಿದೆ. ದುರ್ಗಕ್ಕೆ ಸರಕಾರದ ಕಾವಲಿದೆ. ಸಣ್ಣ ಕೋಟೆಗಳಿಗೆ ಯಾರ ಕಾವಲೂ ಇಲ್ಲ. ನಿಧಿಯ ಆಸೆಯಿಂದ ರಾತ್ರಿಯಲ್ಲಿ ಬಂದು ಬತೇರಿಯ ಬುಡವನ್ನೂ ಗುಡಿಯ ಗರ್ಭವನ್ನೂ ಅಗೆಯುವವರಿದ್ದಾರೆ. ಬಡ ಪಾಳೆಯಗಾರನು ಬಂಗಾರವನ್ನು ಹೂಳಿಟ್ಟಿದ್ದರೆ ತಾನೇ ತೆಗೆದು ದಂಡಿಗೆ ಸಂಬಳ ಕೊಡುತ್ತಿರಲಿಲ್ಲವೇ? ಗೋಡೆಯ ಕಲ್ಲುಗಳು ದನದ ಕೊಟ್ಟಿಗೆಗಳಿಗೆ ಹೋಗುವುದಂತೂ ಹಳೆಯ ವಾಡಿಕೆ. ನಾನು ಹೇಳಿದ ದೊಣೆಯ ಮೇಲಿನ ಬತೇರಿಯನ್ನು ಕೆಲವು ವರ್ಷಗಳ ಹಿಂದೆ ನೋಡಲು ಹೋದಾಗ ಅರ್ಧ ಉರುಳಿತ್ತು. ಅದರ ಕಲ್ಲುಗಳು ದೊಣೆಯೊಳಕ್ಕೇ ಬಿದ್ದಿದ್ದುವು.

ಅಂದು ಬವಳಿ ಬಂದು ಕುಳಿತ ಹುಡುಗಿ ಈಗ ಅದೇ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿರುವಳು. ತನ್ನ ಶಾಲೆಯ ಮಕ್ಕಳಿಂದ ಅವರವರ ಅಜ್ಜಿಯರನ್ನು ಕೇಳಿಸಿ, ಸುತ್ತಣ ಬೆಟ್ಟಗಳಲ್ಲಿರುವ ದೊಣೆ, ಹೊಂಡ, ಬಾವಿಗಳ ಹೆಸರುಗಳನ್ನೆಲ್ಲಾ ಒಂದು ನೋಟುಪುಸ್ತಕದಲ್ಲಿ ಬರೆಸಿರುವಳು. ಹೋದ ವರ್ಷ ಅದನ್ನು ನನಗೆ ತಂದು ತೋರಿಸಿದಳು. ಎಪ್ಪತ್ತೊಂದು ಹೆಸರುಗಳಿವೆ. ಅವುಗಳಲ್ಲಿ ಯಾವುದೂ ನಾನು ಓದಿದ ಪುಸ್ತಕಗಳಲ್ಲಿಲ್ಲ. ಮುದುಕಿ ನೀರು ತಂದ ದೊಣೆಗೆ ‘ಸೊಸೆ ದೊಣೆ’ ಎಂದು ಹೆಸರಂತೆ. ಯಾವ ಸೊಸೆ, ಏಕೆ ಎಂದು ಕೇಳಿದೆನು. ಅದನ್ನು ಬಲ್ಲ ಅಜ್ಜಿ ಮುಂದಿನ ಹಟ್ಟಿಯಲ್ಲಿದ್ದಾಳೆ, ಬರುವ ರಜೆಯಲ್ಲಿ ಹೋಗಿ ಕೇಳುತ್ತೇನೆ ಎಂದಳು.